ಅರಿವಿನ ಕುರುಹು: ಹೃದಯಸ್ತಂಭನದ ತರುವಾಯದ ಕೋಮಾ ಮತ್ತು ಚೇತರಿಕೆಯ ಮುನ್ನರಿವು

ವಚನಸಾಹಿತ್ಯವನ್ನು ಅಭ್ಯಾಸ ಮಾಡಿದವರಿಗೆ ‘ಅರಿವು’, ‘ಕುರುಹು’ ಎಂಬ ಶಬ್ದಗಳ ಜೋಡಿ ಅಪರಿಚಿತವಲ್ಲ. ಅರಿವು ಒಳಗಿನದು, ಕಣ್ಣಿಗೆ ಗೋಚರಿಸದು. ಕುರುಹು ಹೊರಗಿನದು, ಕಾಣಲು ಮುಟ್ಟಲು ದೊರಕುವಂಥದು. ಕುರುಹಿನ ಮೂಲಕ ಅರಿವನ್ನು ತಲಪಬೇಕು, ಆದರೆ ಕುರುಹನ್ನೇ ಅರಿವೆಂದು ಭ್ರಮಿಸಬಾರದು ಎಂಬ ವಿವೇಕವನ್ನು ಶರಣರು ನಾನಾ ಪರಿಯಲ್ಲಿ ಬೋಧಿಸಿದ್ದಾರೆ. ಅವರು ಆ ಮಾತನ್ನು ಆಡಿದುದು ಪಾರಮಾರ್ಥಿಕ ಸಂದರ್ಭದಲ್ಲಿ. ಅದನ್ನು ವೈದ್ಯಶಾಸ್ತ್ರದೊಳಕ್ಕೆ ಎಳೆದು ತಂದು ‘ಇದೆಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತು’ ಎಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಇಂದಿನ ಆಸ್ಪತ್ರೆಗಳಲ್ಲಿ ಏಳುವ ಅತ್ಯಂತ ಕಠಿಣವಾದ ಪ್ರಶ್ನೆಯೊಂದನ್ನು ತಿಳಿಯಾಗಿ ವಿವರಿಸಲು ಈ ಎರಡು ಶಬ್ದಗಳಷ್ಟು ಅನುಕೂಲವಾದವು ಬೇರಿಲ್ಲ.

ಆ ಪ್ರಶ್ನೆ ಇದು: ಹೃದಯವು ನಿಂತು, ಚಿಕಿತ್ಸೆಯಿಂದ ಮತ್ತೆ ಬಡಿಯತೊಡಗಿದ ಮೇಲೂ ಎಚ್ಚರಗೊಳ್ಳದೆ ಮಲಗಿರುವ ರೋಗಿಯು ಮುಂದೆ ಎಚ್ಚರಗೊಳ್ಳುವನೋ ಇಲ್ಲವೋ? ಎಚ್ಚರಗೊಂಡರೆ ಯಾವ ಮಟ್ಟಿಗೆ? ಇದನ್ನು ಎಷ್ಟು ದಿನದೊಳಗೆ, ಯಾವ ಕುರುಹುಗಳಿಂದ, ಎಷ್ಟು ನಿಶ್ಚಯವಾಗಿ ಹೇಳಬಹುದು?

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಅಡಕೆ ತೋಟದಲ್ಲಿಯೋ, ಸಂತೆಯಲ್ಲಿಯೋ, ರೈಲು ನಿಲ್ದಾಣದಲ್ಲಿಯೋ ಕುಸಿದು ಬಿದ್ದವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ, ಕೆಲವೊಮ್ಮೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದ ಬೆಂಗಳೂರಿಗೋ ಒಯ್ಯುತ್ತೇವೆ. ತೀವ್ರ ನಿಗಾ ಘಟಕದ ಹೊರಗಿನ ಜಗುಲಿಯಲ್ಲಿ ಎರಡು ಮೂರು ರಾತ್ರಿ ಕಳೆಯುವಷ್ಟರಲ್ಲಿ ಒಡವೆ ಅಡವಿಗೆ ಹೋಗಿರುತ್ತದೆ, ಜಮೀನಿನ ಪತ್ರದ ಮಾತು ಬಂದಿರುತ್ತದೆ. ಆಗ ಮನೆಯವರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಎರಡನೆಯ ದಿನಕ್ಕೇ ಆಸೆ ಬಿಟ್ಟು, ಎಚ್ಚರಗೊಳ್ಳಬಹುದಾಗಿದ್ದವರನ್ನೂ ಮನೆಗೆ ತರುತ್ತಾರೆ. ಕೆಲವರು ರೆಪ್ಪೆಯ ಒಂದು ಅಲುಗಾಟವನ್ನು ನಂಬಿ, ಎಂದಿಗೂ ಬಾರದ ಎಚ್ಚರಕ್ಕಾಗಿ ಸರ್ವಸ್ವವನ್ನೂ ಸುರಿಯುತ್ತಾರೆ. ಎರಡೂ ಕಡೆ ಆಗುವುದು ಒಂದೇ ದೋಷ: ಒಂದೇ ಕುರುಹನ್ನು ನೋಡಿ ಅರಿವಿನ ವಿಷಯವನ್ನು ತೀರ್ಮಾನಿಸುವುದು. ವೈದ್ಯಶಾಸ್ತ್ರವು ಅರುವತ್ತು ವರ್ಷಗಳಲ್ಲಿ ಕಲಿತ ಪಾಠವೂ ಮುಖ್ಯವಾಗಿ ಇದೇ ಆಗಿದೆ.

ಶಬ್ದಗಳ ಅರ್ಥಭೇದ

ಮೊದಲು ಶಬ್ದಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯಕ್ಕೆ ರಕ್ತವೊದಗಿಸುವ ನಾಳದಲ್ಲಿ ತಡೆಯುಂಟಾಗಿ ಅದರ ಸ್ನಾಯುವಿನ ಒಂದು ಭಾಗ ಹಾನಿಗೊಳ್ಳುವುದು ಹೃದಯಾಘಾತ. ಅಂಥ ರೋಗಿಯು ಎದೆನೋವಿನಿಂದ ನರಳುತ್ತಿದ್ದರೂ ಮಾತನಾಡುತ್ತಿರಬಹುದು. ಹೃದಯವು ರಕ್ತವನ್ನು ದೂಡುವ ಕೆಲಸವನ್ನೇ ನಿಲ್ಲಿಸಿಬಿಡುವುದು ಹೃದಯಸ್ತಂಭನ. ಅದಾದ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಆದರೆ ಎರಡೂ ಒಂದೇ ಅಲ್ಲ.

ಕನ್ನಡದಲ್ಲಿ ‘ಮೂರ್ಛೆ’ ಎಂಬ ಶಬ್ದವು ಅಪಸ್ಮಾರ ರೋಗಕ್ಕೂ ಸಲ್ಲುವುದರಿಂದ ಇಲ್ಲಿ ‘ಕೋಮಾ’ ಎಂಬ ರೂಢಿಯ ಮಾತನ್ನೇ ಬಳಸಿದ್ದೇನೆ. ಕಣ್ಣು ಮುಚ್ಚಿರುವುದು, ಕರೆದರೂ ನೋಯಿಸಿದರೂ ಎಚ್ಚರಗೊಳ್ಳದಿರುವುದು ಕೋಮಾದ ಲಕ್ಷಣ. ಅದು ನಿದ್ರೆಯಲ್ಲ. ನಿದ್ರಿಸುವವನನ್ನು ಎಬ್ಬಿಸಬಹುದು.

ಹೃದಯ ನಿಂತರೆ ಮಿದುಳಿಗೇಕೆ ಇಷ್ಟು ಹಾನಿ? ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೨ ಭಾಗ ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು ೨೦ ಭಾಗ ಅದಕ್ಕೇ ಬೇಕು. ಅದು ಕಣಜವಿಲ್ಲದ ಮನೆಯಂತೆ. ಅಂದಂದಿನ ಕಾಳು ಅಂದಂದೇ ಬರಬೇಕು. ಸರಬರಾಜು ನಿಂತ ೧೦-೨೦ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ೪ ರಿಂದ ೬ ನಿಮಿಷಗಳು ಕಳೆದರೆ ನರಕೋಶಗಳು ಶಾಶ್ವತವಾಗಿ ಕೆಡತೊಡಗುತ್ತವೆ. ಹೃದಯ ಮರಳಿ ಬಡಿದ ಮಾತ್ರಕ್ಕೆ ಕೇಡು ಮುಗಿಯುವುದೂ ಇಲ್ಲ. ಊತ ಮತ್ತು ರಾಸಾಯನಿಕ ವ್ಯತ್ಯಾಸಗಳಿಂದ ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಅದು ಮುಂದುವರಿಯುತ್ತದೆ.

ಇನ್ನೊಂದು ಅಂಶವನ್ನು ಇಲ್ಲಿ ಮನಸ್ಸಿನಲ್ಲಿಡಬೇಕು. ಮಿದುಳಿನ ಎಲ್ಲ ಭಾಗಗಳೂ ಸಮಾನವಾಗಿ ನಲುಗುವುದಿಲ್ಲ. ಆಲೋಚನೆ, ಮಾತು, ಗುರುತಿಸುವಿಕೆಗಳಿಗೆ ಆಧಾರವಾದ ಹೊರಪದರವೂ ನೆನಪಿಗೆ ಸಂಬಂಧಿಸಿದ ಭಾಗಗಳೂ ಬೇಗ ಕೆಡುತ್ತವೆ. ಉಸಿರಾಟ, ನಿದ್ರೆ-ಎಚ್ಚರಗಳ ಸರದಿ ಮುಂತಾದುವನ್ನು ನಡೆಯಿಸುವ ಮಿದುಳುಕಾಂಡವು ಹೆಚ್ಚು ತಾಳಿಕೊಳ್ಳುತ್ತದೆ. ಆದುದರಿಂದ ಉಸಿರಾಡುವ, ಕಣ್ಣು ತೆರೆಯುವ ದೇಹವಿದ್ದೂ ಒಳಗಿನ ಅರಿವು ಇಲ್ಲದಿರುವ ಸ್ಥಿತಿ ಸಂಭವಿಸುತ್ತದೆ. ಪ್ರಾಣವೂ ಅರಿವೂ ಒಂದೇ ಎಂದು ತಿಳಿದ ಮನೆಯವರಿಗೆ ಇದನ್ನು ಒಪ್ಪುವುದು ಬಹಳ ಕಷ್ಟ.

ಪ್ರಶ್ನೆ ಹುಟ್ಟಿದ ಬಗೆ

೧೯೬೦ಕ್ಕೆ ಮುಂಚೆ ಈ ಪ್ರಶ್ನೆ ವಿರಳವಾಗಿತ್ತು. ಹೃದಯ ನಿಂತವರು ಬಹುಮಟ್ಟಿಗೆ ತೀರಿಕೊಳ್ಳುತ್ತಿದ್ದರು. ಆ ವರ್ಷ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆ ಹೊರಗಿನಿಂದ ಒತ್ತಿಯೇ ರಕ್ತಸಂಚಾರವನ್ನು ನಡೆಯಿಸಬಹುದೆಂದು ಪ್ರಕಟಿಸಿದರು. ಉಸಿರಾಟದ ಯಂತ್ರಗಳೂ ತೀವ್ರ ನಿಗಾ ಘಟಕಗಳೂ ಬಂದವು. ಸಾಯಬೇಕಾಗಿದ್ದವರು ಉಳಿದರು, ಉಳಿದವರಲ್ಲಿ ಎಷ್ಟೋ ಜನ ಎಚ್ಚರಗೊಳ್ಳಲಿಲ್ಲ. ಹೀಗೆ ಹೊಸ ವಿದ್ಯೆಯೇ ಹೊಸ ಪ್ರಶ್ನೆಯನ್ನು ತಂದಿತು.

೧೯೭೨ರಲ್ಲಿ ಬ್ರಯಾನ್ ಜೆನೆಟ್ ಮತ್ತು ಫ್ರೆಡ್ ಪ್ಲಮ್ ಎಂಬ ವೈದ್ಯರು, ಕಣ್ಣು ತೆರೆದಿದ್ದೂ ಅರಿವಿನ ಯಾವ ಕುರುಹೂ ಇಲ್ಲದ ದೀರ್ಘಕಾಲದ ಸ್ಥಿತಿಗೆ ಪ್ರತ್ಯೇಕ ಹೆಸರು ಕೊಟ್ಟರು. ಅದನ್ನು ಕನ್ನಡದಲ್ಲಿ ‘ಜಡಸ್ಥಿತಿ’ ಎನ್ನಬಹುದು. ೧೯೭೪ರಲ್ಲಿ ಗ್ಲಾಸ್ಗೋ ನಗರದ ಟೀಸ್ಡೇಲ್ ಮತ್ತು ಅದೇ ಜೆನೆಟ್ ಅವರು ಕೋಮಾದ ಆಳವನ್ನು ಅಳೆಯುವ ಒಂದು ಮಾನವನ್ನು ರಚಿಸಿದರು. ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳ ಕಾಗದಗಳಲ್ಲಿಯೂ ಅದರ ಅಂಕಗಳು ಕಾಣುತ್ತವೆ. ಕಣ್ಣು ತೆರೆಯುವುದಕ್ಕೆ ೪, ಮಾತಿಗೆ ೫, ಕೈಕಾಲುಗಳ ಚಲನೆಗೆ ೬, ಒಟ್ಟು ೧೫ ಅಂಕ. ಪರಮ ಕನಿಷ್ಠ ಸೊನ್ನೆಯಲ್ಲ, ೩. ‘ಹದಿನೈದಕ್ಕೆ ಮೂರು ಬಂದಿದೆಯಂತೆ, ಸ್ವಲ್ಪ ಜೀವವಿದೆ’ ಎಂದು ಬಂಧುಗಳು ಸಮಾಧಾನಪಡುವುದುಂಟು. ಮೂರು ಎಂಬುದು ಏನೂ ಇಲ್ಲ ಎಂಬುದರ ಅಂಕಿ ಎಂದು ಅವರಿಗೆ ತಿಳಿಸಿರುವುದಿಲ್ಲ. ಗಂಟಲಿನಲ್ಲಿ ಕೊಳವೆಯಿದ್ದಾಗ ಮಾತನ್ನು ಪರೀಕ್ಷಿಸಲಾಗದು. ಆದುದರಿಂದ ಹೃದಯಸ್ತಂಭನದ ರೋಗಿಗಳಲ್ಲಿ ಕೈಕಾಲುಗಳ ಚಲನೆಯ ಅಂಕಕ್ಕೇ ಹೆಚ್ಚು ಬೆಲೆ.

೧೯೮೫ರಲ್ಲಿ ಡೇವಿಡ್ ಲೆವಿ, ಪ್ಲಮ್ ಮೊದಲಾದವರು ಆಮ್ಲಜನಕದ ಕೊರತೆಯಿಂದ ಕೋಮಾಕ್ಕೆ ಜಾರಿದ ೨೧೦ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಮೊದಲ ಪರೀಕ್ಷೆಯಲ್ಲಿಯೇ ಕಣ್ಣಿನ ಪಾಪೆಯು ಬೆಳಕಿಗೆ ಕುಗ್ಗದಿದ್ದವರು ೫೨ ಮಂದಿ. ಅವರಲ್ಲಿ ಒಬ್ಬರೂ ಸ್ವತಂತ್ರ ಜೀವನಕ್ಕೆ ಮರಳಲಿಲ್ಲ. ಬಹುಕಾಲ ಇದು ದೊಡ್ಡ ಆಧಾರವಾಗಿತ್ತು. ಆದರೆ ಲೆಕ್ಕವನ್ನು ಸೂಕ್ಷ್ಮವಾಗಿ ನೋಡಬೇಕು. ೫೨ ಮಂದಿಯಲ್ಲಿ ಒಬ್ಬರೂ ಚೇತರಿಸಿಕೊಳ್ಳಲಿಲ್ಲ ಎಂದ ಮಾತ್ರಕ್ಕೆ ೫೩ನೆಯವರೂ ಚೇತರಿಸಿಕೊಳ್ಳಲಾರರು ಎಂದಾಗುವುದಿಲ್ಲ. ಅಷ್ಟು ಸಣ್ಣ ಸಂಖ್ಯೆಯಿಂದ ಹೊರಡಿಸಿದ ನಿಯಮದಲ್ಲಿ ನೂರಕ್ಕೆ ಐದಾರು ತಪ್ಪುಗಳು ಅಡಗಿರುವ ಸಾಧ್ಯತೆಯನ್ನು ಗಣಿತವು ತಳ್ಳಿಹಾಕುವುದಿಲ್ಲ. ಇಂದಿನ ವೈದ್ಯರು ಮೊದಲ ದಿನದ ಪಾಪೆಯನ್ನು ನೋಡಿ ತೀರ್ಪು ಹೇಳುವುದಿಲ್ಲ.

ಮೂರು ದಿನಗಳ ನಿಯಮ

ಹಾಗಾದರೆ ಯಾವಾಗ ಹೇಳಬೇಕು? ಯೂರೋಪಿನ ಪುನಶ್ಚೇತನ ಮಂಡಲಿ ಮತ್ತು ತೀವ್ರ ನಿಗಾ ವೈದ್ಯರ ಸಂಘವು ೨೦೨೧ರಲ್ಲಿ ಜೊತೆಯಾಗಿ ಪ್ರಕಟಿಸಿದ ಮಾರ್ಗಸೂಚಿಯ ತಿರುಳು ಇಷ್ಟು: ಹೃದಯ ಮರಳಿ ಬಡಿದ ಬಳಿಕ ಕನಿಷ್ಠ ೭೨ ಗಂಟೆ ಕಾಯಬೇಕು. ಮತ್ತು ಬರಿಸುವ ಔಷಧಗಳ ಪ್ರಭಾವ ಇಳಿದಿರಬೇಕು. ಆಗಲೂ ರೋಗಿಯ ಚಲನೆಯ ಅಂಕ ೩ ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಅಂದರೆ ನೋಯಿಸಿದಾಗ ಕೈಯನ್ನು ಹಿಂದೆಗೆದುಕೊಳ್ಳುವಷ್ಟೂ ಪ್ರತಿಕ್ರಿಯೆ ಇಲ್ಲದಿದ್ದರೆ, ಆಗ ಕೆಡುಕಿನ ಕುರುಹುಗಳನ್ನು ಹುಡುಕಬೇಕು. ಅವುಗಳಲ್ಲಿ ಕನಿಷ್ಠ ಎರಡು ಕೂಡಿಬಂದರೆ ಮಾತ್ರ ‘ಚೇತರಿಕೆ ಬಹುಶಃ ಇಲ್ಲ’ ಎನ್ನಬೇಕು. ಕೂಡಿಬಾರದಿದ್ದರೆ ಕಾದು ಮತ್ತೆ ಪರೀಕ್ಷಿಸಬೇಕು.

ಮೂರು ದಿನ ಕಾಯುವುದಕ್ಕೆ ಕಾರಣವಿದೆ. ರೋಗಿಯನ್ನು ಯಂತ್ರದ ಉಸಿರಾಟಕ್ಕೆ ಒಗ್ಗಿಸಲು ಮತ್ತು ಬರಿಸುವ ಔಷಧಗಳನ್ನು ಕೊಟ್ಟಿರುತ್ತಾರೆ. ಹೃದಯ ನಿಂತಾಗ ಮೂತ್ರಪಿಂಡ, ಯಕೃತ್ತುಗಳೂ ಬಳಲಿರುವುದರಿಂದ ಆ ಔಷಧಗಳು ದೇಹದಿಂದ ನಿಧಾನವಾಗಿ ಹೊರಬೀಳುತ್ತವೆ. ದೇಹವನ್ನು ತಂಪಾಗಿಸುವ ಚಿಕಿತ್ಸೆಯಿಂದ ಇದು ಇನ್ನಷ್ಟು ತಡವಾಗುತ್ತದೆ. ೨೦೦೨ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ದೇಹವನ್ನು ೩೩ ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಮಿದುಳು ಉಳಿಯುವುದೆಂದು ಸೂಚಿಸಿದ್ದವು. ೨೦೧೩ರ ಪ್ರಯೋಗದಲ್ಲಿ ೩೩ಕ್ಕೂ ೩೬ಕ್ಕೂ ವ್ಯತ್ಯಾಸ ಕಾಣಲಿಲ್ಲ. ೧,೮೦೦ಕ್ಕೂ ಹೆಚ್ಚು ರೋಗಿಗಳ ೨೦೨೧ರ ಪ್ರಯೋಗವು, ಜ್ವರ ಬಾರದಂತೆ ನೋಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ತಂಪಾಗಿಸುವುದರಿಂದ ಲಾಭವಿಲ್ಲವೆಂದು ತೋರಿಸಿತು. ಇಪ್ಪತ್ತು ವರ್ಷಗಳೊಳಗೆ ಶಾಸ್ತ್ರವು ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಇದು ಶಾಸ್ತ್ರದ ದೌರ್ಬಲ್ಯವಲ್ಲ, ಪ್ರಾಮಾಣಿಕತೆ.

ಕುರುಹುಗಳು ಯಾವುವು

ಮಾರ್ಗಸೂಚಿಯು ಹೇಳುವ ಕುರುಹುಗಳು ಆರು. ಒಂದೊಂದಕ್ಕೂ ಅದರದೇ ಆದ ಬಲವಿದೆ, ಅದರದೇ ಆದ ಮೋಸವೂ ಇದೆ.

ಮೊದಲನೆಯದು ಕಣ್ಣು. ೭೨ ಗಂಟೆಗಳ ನಂತರವೂ ಎರಡೂ ಪಾಪೆಗಳು ಬೆಳಕಿಗೆ ಕುಗ್ಗದೆ, ಕರಿಗುಡ್ಡೆಯನ್ನು ಮೆಲ್ಲನೆ ಮುಟ್ಟಿದರೂ ರೆಪ್ಪೆ ಮಿಟುಕದೆ ಇದ್ದರೆ ಅದು ಕೆಡುಕಿನ ಕುರುಹು. ಗಟ್ಟಿಮುಟ್ಟಾದ ಮಿದುಳುಕಾಂಡವೂ ನಲುಗಿದೆ ಎಂದು ಅದರ ಅರ್ಥ. ಆದರೆ ಕೆಲವು ಔಷಧಗಳೂ ಈ ಪ್ರತಿಕ್ರಿಯೆಗಳನ್ನು ಮರೆಮಾಡಬಲ್ಲವು.

ಎರಡನೆಯದು ನರಸಂದೇಶದ ಪರೀಕ್ಷೆ. ಮುಂಗೈಯ ನರಕ್ಕೆ ಸಣ್ಣ ವಿದ್ಯುತ್ ಸ್ಪರ್ಶವನ್ನು ಕೊಟ್ಟರೆ ಆ ಸಂದೇಶವು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಮಿದುಳಿನ ಹೊರಪದರವನ್ನು ಮುಟ್ಟಿ ಅಲ್ಲೊಂದು ಅಲೆಯನ್ನು ಎಬ್ಬಿಸುತ್ತದೆ. ೨೪ ಗಂಟೆಗಳ ನಂತರ ಎರಡೂ ಕಡೆ ಆ ಅಲೆ ಏಳದಿದ್ದರೆ ಅದು ಬಲವಾದ ಕುರುಹು, ಏಕೆಂದರೆ ಮತ್ತು ಬರಿಸುವ ಔಷಧಗಳು ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಅಲೆ ಎದ್ದಿತೆಂದ ಮಾತ್ರಕ್ಕೆ ಎಚ್ಚರ ಬರುವುದೆಂಬ ಭರವಸೆಯಿಲ್ಲ. ಬಾಗಿಲವರೆಗೆ ಕಾಗದ ತಲಪಿತು ಎಂದಷ್ಟೇ ಅದರ ಅರ್ಥ. ಒಳಗೆ ಓದುವವರಿದ್ದಾರೆಯೇ ಎಂಬುದು ಬೇರೆ.

ಮೂರನೆಯದು ಮಿದುಳಿನ ವಿದ್ಯುತ್ ರೇಖೆ, ಅಂದರೆ ಇ.ಇ.ಜಿ. ಒಂದು ದಿನ ಕಳೆದ ಮೇಲೂ ರೇಖೆ ಸಪಾಟಾಗಿದ್ದರೆ, ಅಥವಾ ಸಪಾಟಾದ ರೇಖೆಯ ನಡುವೆ ಆಗಾಗ ಸಿಡಿತಗಳು ಮಾತ್ರ ಕಂಡರೆ ಅದು ಅಶುಭ. ಮತ್ತಿನ ಔಷಧಗಳು ಇದನ್ನು ಬಹಳವಾಗಿ ಬದಲಿಸುವುದರಿಂದ ಓದುವವರಿಗೆ ಪರಿಣತಿ ಬೇಕು. ನಾಲ್ಕನೆಯದು ರಕ್ತಪರೀಕ್ಷೆ: ನರಕೋಶಗಳು ಒಡೆದಾಗ ರಕ್ತಕ್ಕೆ ಸೇರುವ ಎನೋಲೇಸ್ ಎಂಬ ವಸ್ತುವಿನ ಪ್ರಮಾಣ ೪೮ ಅಥವಾ ೭೨ ಗಂಟೆಗಳಲ್ಲಿ ಲೀಟರಿಗೆ ೬೦ ಮೈಕ್ರೋಗ್ರಾಮನ್ನು ಮೀರಿದರೆ ಕೆಡುಕು. ಆದರೆ ಕೆಂಪು ರಕ್ತಕಣಗಳಲ್ಲಿಯೂ ಈ ವಸ್ತುವಿದೆ. ಸಿರಿಂಜಿನಲ್ಲಿ ರಕ್ತ ಒಡೆದರೂ ಅಂಕಿ ಏರುತ್ತದೆ. ಐದನೆಯದು ಸ್ಕ್ಯಾನ್ ಚಿತ್ರಗಳಲ್ಲಿ ಕಾಣುವ ವ್ಯಾಪಕವಾದ ಊತ ಹಾಗೂ ಹಾನಿ.

ಆರನೆಯದು ಮೈಯ ಸೆಳೆತ. ಮೊದಲ ಮೂರು ದಿನಗಳಲ್ಲಿ ಮುಖ, ಕೈಕಾಲುಗಳು ಅರ್ಧ ಗಂಟೆಗೂ ಹೆಚ್ಚು ಕಾಲ ಎಡೆಬಿಡದೆ ಅದುರುತ್ತಿದ್ದರೆ ಅದು ಸಾಮಾನ್ಯವಾಗಿ ಕೆಡುಕಿನ ಕುರುಹು. ಆದರೆ ೧೯೬೩ರಲ್ಲಿಯೇ ಲಾನ್ಸ್ ಮತ್ತು ಆಡಮ್ಸ್ ಎಂಬ ವೈದ್ಯರು, ಇಂಥದೇ ಅದುರಾಟವು ಅರಿವು ಮರಳಿದ ರೋಗಿಗಳಲ್ಲಿಯೂ ಇರುವುದನ್ನು ವರ್ಣಿಸಿದ್ದರು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಫಲ ಮಾತ್ರ ಬೇರೆ ಬೇರೆ. ಒಂದೇ ಕುರುಹನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಒಳಿತಿನ ಕುರುಹುಗಳೂ ಇವೆ. ನೋವು ಕೊಟ್ಟಾಗ ಕೈಯನ್ನು ಹಿಂದೆಗೆಯುವುದು, ನೋವಿನ ಜಾಗಕ್ಕೆ ಕೈ ತರುವುದು, ಇ.ಇ.ಜಿ.ಯಲ್ಲಿ ಬೇಗನೆ ಅವಿಚ್ಛಿನ್ನವಾದ ರೇಖೆ ಮರಳುವುದು, ಎನೋಲೇಸಿನ ಪ್ರಮಾಣ ಸಹಜ ಮಿತಿಯಲ್ಲಿರುವುದು, ಎಂ.ಆರ್.ಐ. ಚಿತ್ರದಲ್ಲಿ ಹಾನಿ ಕಾಣದಿರುವುದು, ಇವೆಲ್ಲ ಆಸೆಗೆ ಆಧಾರಗಳು. ಇವೆರಡು ಗುಂಪುಗಳ ನಡುವೆ, ಒಳಿತೂ ಹೇಳಲಾಗದ ಕೆಡುಕೂ ಹೇಳಲಾಗದ ರೋಗಿಗಳು ಅನೇಕ. ಅವರ ವಿಷಯದಲ್ಲಿ ‘ಈಗ ಹೇಳಲಾಗದು’ ಎಂದು ವೈದ್ಯರು ಹೇಳಿದರೆ ಅದು ಅಜ್ಞಾನವೂ ಅಲ್ಲ, ಜಾರಿಕೆಯ ಮಾತೂ ಅಲ್ಲ. ಅದೇ ಸರಿಯಾದ ಉತ್ತರ.

ತಾನೇ ನಿಜವಾಗುವ ಭವಿಷ್ಯ

ಈ ಶಾಸ್ತ್ರಕ್ಕೆ ಅಂಟಿಕೊಂಡ ಒಂದು ದೋಷವನ್ನು ಅದರ ಪಂಡಿತರೇ ಎತ್ತಿ ತೋರಿಸಿದ್ದಾರೆ. ರೋಗಿಯು ಚೇತರಿಸಿಕೊಳ್ಳಲಾರನೆಂದು ಹೇಳಿ ಉಸಿರಾಟದ ಯಂತ್ರವನ್ನು ತೆಗೆದರೆ ರೋಗಿಯು ಸಾಯುತ್ತಾನೆ. ಆಗ ಆ ಭವಿಷ್ಯವು ನಿಜವಾಯಿತೆಂದು ಲೆಕ್ಕಕ್ಕೆ ಬರೆದುಕೊಳ್ಳಲಾಗುತ್ತದೆ. ಹುಡುಗನನ್ನು ಪರೀಕ್ಷೆಗೆ ಕೂರಿಸದೆಯೇ ‘ಇವನು ಹೇಗೂ ತೇರ್ಗಡೆಯಾಗನು’ ಎಂದು ಬರೆದು, ಕೊನೆಗೆ ‘ನೋಡಿ, ಇವನ ಹೆಸರು ತೇರ್ಗಡೆಯ ಪಟ್ಟಿಯಲ್ಲಿಲ್ಲ’ ಎಂದು ತೋರಿಸುವ ಉಪಾಧ್ಯಾಯನ ತರ್ಕವಿದು. ಪಾಶ್ಚಾತ್ಯ ದೇಶಗಳ ಅನೇಕ ಹಳೆಯ ಅಧ್ಯಯನಗಳಲ್ಲಿ ಈ ದೋಷ ನುಸುಳಿದೆ. ಯಂತ್ರವನ್ನು ತೆಗೆಯುವ ಪದ್ಧತಿ ವಿರಳವಾಗಿದ್ದ ದಕ್ಷಿಣ ಕೊರಿಯಾದಂಥ ದೇಶಗಳ ಅಧ್ಯಯನಗಳಿಗೆ ಈಗ ಹೆಚ್ಚಿನ ಬೆಲೆ ಬಂದಿರುವುದು ಇದರಿಂದಲೇ. ಅಲ್ಲಿ ರೋಗಿಯ ನಿಜವಾದ ಗತಿಯನ್ನು ಕೊನೆಯವರೆಗೆ ನೋಡಲು ಸಾಧ್ಯವಾಯಿತು.

ನಮ್ಮಲ್ಲಿ ಯಂತ್ರವನ್ನು ತೆಗೆಯಿಸುವುದು ಹಲವು ವೇಳೆ ವೈದ್ಯರ ಭವಿಷ್ಯವಲ್ಲ, ಹಣದ ಕೊರತೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿ ರೋಗಿಯನ್ನು ಮನೆಗೆ ತರುವುದು ಅಪರೂಪವಲ್ಲ. ಬಡತನದಿಂದ ಹೀಗೆ ಮಾಡಿದವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸಹಿ ಹಾಕುವ ಮುನ್ನ ಅದು ಮೊದಲ ದಿನವೋ ನಾಲ್ಕನೆಯ ದಿನವೋ ಎಂಬುದನ್ನು ಎಣಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಿ ಆ ದಿನಗಳನ್ನು ಕಳೆಯಲು ಸಾಧ್ಯವೇ ಎಂದು ಕೇಳಿಕೊಳ್ಳಬೇಕು. ಮೂರು ದಿನಗಳ ತಾಳ್ಮೆಗೆ ಒಂದು ಜೀವದ ಬೆಲೆಯಿರಬಹುದು.

ಕಣ್ಣು ತೆರೆದ ಮೇಲೆ

ಕೋಮಾ ಸಾಮಾನ್ಯವಾಗಿ ಕೆಲವು ವಾರಗಳಿಗಿಂತ ಹೆಚ್ಚು ಮುಂದುವರಿಯುವುದಿಲ್ಲ. ಅಷ್ಟರಲ್ಲಿ ರೋಗಿಯು ತೀರಿಕೊಳ್ಳಬಹುದು, ಎಚ್ಚರಗೊಳ್ಳಬಹುದು, ಇಲ್ಲವೇ ಅರಿವಿಲ್ಲದೆ ಕಣ್ಣು ಮಾತ್ರ ತೆರೆಯಬಹುದು. ಮನೆಯವರು ಅತ್ಯಂತ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಜಡಸ್ಥಿತಿಯಲ್ಲಿರುವವರು ಹಗಲು ಕಣ್ಣು ತೆರೆಯುತ್ತಾರೆ, ರಾತ್ರಿ ನಿದ್ರಿಸುತ್ತಾರೆ, ಆಕಳಿಸುತ್ತಾರೆ, ಅಂಗೈಯಲ್ಲಿ ಬೆರಳಿಟ್ಟರೆ ಹಿಡಿದುಕೊಳ್ಳುತ್ತಾರೆ, ಕಣ್ಣೀರೂ ಸುರಿಯಬಹುದು. ಇವೆಲ್ಲ ಮಿದುಳುಕಾಂಡದ ಅನೈಚ್ಛಿಕ ಕ್ರಿಯೆಗಳು. ಅರಿವಿನ ಕುರುಹು ಯಾವುದೆಂದರೆ, ಹೇಳಿದುದನ್ನು ಒಮ್ಮೆಯಲ್ಲದೆ ಮತ್ತೆ ಮತ್ತೆ ಮಾಡುವುದು, ಚಲಿಸುವ ವಸ್ತುವನ್ನು ಅಥವಾ ಮುಖವನ್ನು ದೃಷ್ಟಿಯಿಂದ ಹಿಂಬಾಲಿಸುವುದು. ಇದನ್ನು ಪರೀಕ್ಷಿಸಲು ವೈದ್ಯರು ಕೈಗನ್ನಡಿಯನ್ನು ಬಳಸುತ್ತಾರೆ. ಬೇರೆ ಯಾವ ವಸ್ತುವನ್ನೂ ಹಿಂಬಾಲಿಸದ ಕಣ್ಣು ಕೆಲವೊಮ್ಮೆ ತನ್ನದೇ ಮುಖವನ್ನು ಹಿಂಬಾಲಿಸುತ್ತದೆ. ಆದುದರಿಂದ ಬಂಧುಗಳು ಕಂಡುದನ್ನು ತಳ್ಳಿಹಾಕಬಾರದು. ಯಾವಾಗ, ಎಷ್ಟು ಸಲ, ಯಾರು ಕರೆದಾಗ ಎಂದು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು.

ಕಾಲದ ಮಿತಿಯ ವಿಷಯದಲ್ಲಿಯೂ ಶಾಸ್ತ್ರವು ವಿನಯ ಕಲಿತಿದೆ. ಆಮ್ಲಜನಕದ ಕೊರತೆಯಿಂದಾದ ಜಡಸ್ಥಿತಿಯು ೩ ತಿಂಗಳು ಮೀರಿದರೆ ಅದು ‘ಶಾಶ್ವತ’ ಎಂದು ೧೯೯೪ರಲ್ಲಿ ಅಮೆರಿಕದ ತಜ್ಞರು ಹೇಳಿದ್ದರು. ತಡವಾಗಿ ಚೇತರಿಸಿಕೊಂಡ ಕೆಲವರನ್ನು ಕಂಡ ಮೇಲೆ ೨೦೧೮ರಲ್ಲಿ ಆ ಶಬ್ದವನ್ನು ಬಿಟ್ಟು ‘ದೀರ್ಘಕಾಲಿಕ’ ಎಂದು ಬದಲಿಸಿದರು. ೨೦೨೪ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾನಾ ಕಾರಣಗಳಿಂದ ಮಿದುಳು ಹಾನಿಗೊಂಡು ಹೊರಗೆ ಯಾವ ಆಜ್ಞೆಯನ್ನೂ ಪಾಲಿಸದಿದ್ದ ೨೪೧ ಮಂದಿಯಲ್ಲಿ ೬೦ ಮಂದಿಯ ಮಿದುಳು ಒಳಗೆ ಆಜ್ಞೆಗೆ ಓಗೊಡುತ್ತಿದ್ದುದು ಸ್ಕ್ಯಾನ್ ಮತ್ತು ಇ.ಇ.ಜಿ.ಗಳಿಂದ ತಿಳಿಯಿತು. ಕುರುಹು ಕಾಣದ ಕಡೆಯೂ ಅರಿವು ಇರಬಹುದು ಎಂಬುದಕ್ಕೆ ಇದು ಸಾಕ್ಷಿ.

ಎಚ್ಚರಗೊಂಡವರೆಲ್ಲರೂ ಮೊದಲಿನಂತಾಗುತ್ತಾರೆಂದು ತಿಳಿಯಬಾರದು. ಕೆಲವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಕೆಲವರಲ್ಲಿ ನೆನಪು ಕುಂದುತ್ತದೆ, ಆಯಾಸ ಹೆಚ್ಚುತ್ತದೆ. ಕೆಲವರಿಗೆ ಊಟ, ಸ್ನಾನಕ್ಕೂ ಇನ್ನೊಬ್ಬರು ಬೇಕು. ‘ಚೇತರಿಕೆ’ ಎಂದು ವೈದ್ಯರು ಹೇಳುವಾಗ ಇವುಗಳಲ್ಲಿ ಯಾವುದನ್ನು ಹೇಳುತ್ತಿದ್ದಾರೆಂದು ಕೇಳಿಕೊಳ್ಳಬೇಕು.

ನಾಡಿನ ಎರಡು ನಿದರ್ಶನಗಳು

ಈ ಸ್ಥಿತಿಗಳ ಭೇದವನ್ನು ನಮ್ಮ ನಾಡಿನವರೇ ಆದ ಇಬ್ಬರ ಬಾಳು ಸ್ಪಷ್ಟಪಡಿಸುತ್ತದೆ. ಇಬ್ಬರಲ್ಲಿಯೂ ಮೂಲಕಾರಣ ಹೃದಯಸ್ತಂಭನವಾಗಿರಲಿಲ್ಲ. ಆದರೆ ಏಳುವ ಪ್ರಶ್ನೆ ಅದೇ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ೧೯೭೩ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರನೊಬ್ಬನು ಸರಪಳಿಯಿಂದ ಅವರ ಕುತ್ತಿಗೆಯನ್ನು ಬಿಗಿದುದರಿಂದ ಮಿದುಳಿಗೆ ಆಮ್ಲಜನಕ ತಪ್ಪಿತು. ಅರಿವಿನ ನಿಶ್ಚಿತ ಕುರುಹಿಲ್ಲದೆ ಅವರು ಸುಮಾರು ೪೨ ವರ್ಷ ಬದುಕಿದ್ದು, ೨೦೧೫ರ ಮೇ ೧೮ರಂದು ನಿಧನರಾದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮಾರ್ಚ್ ೭ರಂದು ತಿರಸ್ಕರಿಸಿತು. ಅರುಣಾ ಅವರ ಮಿದುಳು ಸತ್ತಿಲ್ಲ, ಯಂತ್ರದ ನೆರವಿಲ್ಲದೆ ಉಸಿರಾಡುತ್ತಿದ್ದಾರೆ ಎಂದು ನ್ಯಾಯಾಲಯ ಗಮನಿಸಿತು. ಅವರನ್ನು ನೋಡಿಕೊಳ್ಳುತ್ತಿದ್ದ ದಾದಿಯರು ಅವರು ಬದುಕಿರಬೇಕೆಂದೇ ಬಯಸಿದ್ದರು. ತಲೆಮಾರಿನಿಂದ ತಲೆಮಾರಿಗೆ ಆ ದಾದಿಯರು ನಡೆಯಿಸಿದ ಶುಶ್ರೂಷೆಗೆ ಕಾಯಕ ಎಂಬುದಕ್ಕಿಂತ ಬೇರೆ ಹೆಸರು ಹೊಂದದು.

ಎರಡನೆಯವರು ಕಡೂರು ತಾಲ್ಲೂಕಿನವರೇ ಆದ ನಟ ಸಂಚಾರಿ ವಿಜಯ್. ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಅವರು ೨೦೨೧ರ ಜೂನ್ ೧೨ರ ರಾತ್ರಿ ಬೆಂಗಳೂರಿನಲ್ಲಿ ದ್ವಿಚಕ್ರವಾಹನದ ಅಪಘಾತಕ್ಕೀಡಾದರು. ಅವರ ಮಿದುಳು ಸತ್ತಿದೆಯೆಂದು ವೈದ್ಯರು ಖಚಿತಪಡಿಸಿದ ಮೇಲೆ ಮನೆಯವರು ಅಂಗಾಂಗಗಳನ್ನು ದಾನ ಮಾಡಿದರು. ಪಂಚನಹಳ್ಳಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಮಿದುಳು ಸಾವು ಕೋಮಾ ಅಲ್ಲ, ಜಡಸ್ಥಿತಿಯೂ ಅಲ್ಲ. ಅಲ್ಲಿ ಮಿದುಳುಕಾಂಡವೂ ಅಳಿದಿರುತ್ತದೆ. ಯಂತ್ರ ತೆಗೆದರೆ ಉಸಿರಿಲ್ಲ. ೧೯೯೪ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರ ಮಂಡಲಿಯು ಕನಿಷ್ಠ ೬ ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಅದನ್ನು ಘೋಷಿಸಬೇಕು. ಕೋಮಾದಲ್ಲಿ ಮುನ್ನರಿವಿನ ಪ್ರಶ್ನೆಯಿದೆ. ಮಿದುಳು ಸಾವಿನಲ್ಲಿ ಅದಿಲ್ಲ, ಅದು ಸಾವೇ. ಈ ಭೇದವನ್ನು ಅರಿಯದೆ ‘ಕೋಮಾದಲ್ಲಿದ್ದವರ ಅಂಗ ತೆಗೆದರು’ ಎಂದು ಆಡಿಕೊಳ್ಳುವುದು ದಾನ ಮಾಡಿದ ಮನೆಯವರಿಗೆ ಮಾಡುವ ಅನ್ಯಾಯ.

ಅರುಣಾ ಅವರ ಪ್ರಕರಣದಲ್ಲಿ ಆರಂಭವಾದ ವಿಚಾರ ಮುಂದುವರಿದು, ೨೦೧೮ರ ಮಾರ್ಚ್ ೯ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿತು. ೨೦೨೩ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಲಾಯಿತು. ೨೦೨೫ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇದನ್ನು ರಾಜ್ಯದಲ್ಲಿ ಜಾರಿಗೊಳಿಸುವ ಆದೇಶ ಹೊರಡಿಸಿತು. ಚೇತರಿಕೆಯ ಆಸೆಯಿಲ್ಲದ ರೋಗಿಯ ಜೀವಾಧಾರ ಯಂತ್ರಗಳನ್ನು ತೆಗೆಯಲು ಈಗ ಎರಡು ವೈದ್ಯ ಮಂಡಲಿಗಳ ಅಭಿಪ್ರಾಯ, ಬಂಧುಗಳ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ತಿಳಿವಳಿಕೆ ಬೇಕು. ವಿಷವಿಕ್ಕಿಯೋ ಚುಚ್ಚುಮದ್ದಿನಿಂದಲೋ ಕೊಲ್ಲಲು ಇದರಲ್ಲಿ ಅವಕಾಶವಿಲ್ಲ. ತನಗೆ ಅಂಥ ಸ್ಥಿತಿ ಬಂದರೆ ಏನು ಮಾಡಬೇಕೆಂಬುದನ್ನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆದಿಡಲು ವಯಸ್ಕರಿಗೆ ಅವಕಾಶವಿದೆ. ನಮ್ಮ ವಯಸ್ಸಿನವರು ಮಕ್ಕಳೊಡನೆ ಈ ಮಾತನ್ನು ಆಡಿಟ್ಟರೆ ಜಗುಲಿಯಲ್ಲಿ ಕುಳಿತವರ ಹೊರೆ ಎಷ್ಟೋ ಹಗುರವಾಗುತ್ತದೆ.

ಬಂಧುಗಳು ಕೇಳಬೇಕಾದುದು

ವೈದ್ಯರ ಮುಂದೆ ಮಾತು ಹೊರಡದಿರುವುದು ನಮ್ಮ ಹಳ್ಳಿಗರ ಸ್ವಭಾವ. ಐದು ಪ್ರಶ್ನೆಗಳನ್ನಾದರೂ ಕೇಳಬೇಕು. ಹೃದಯ ಮರಳಿ ಬಡಿದು ಎಷ್ಟು ಗಂಟೆಯಾಯಿತು? ಮತ್ತಿನ ಔಷಧ ನಿಲ್ಲಿಸಿ ಎಷ್ಟು ಹೊತ್ತಾಯಿತು? ಕೆಡುಕಿನ ಕುರುಹುಗಳು ಎಷ್ಟು ಕಂಡಿವೆ, ಒಂದೋ ಎರಡೋ? ಇನ್ನೂ ಯಾವ ಪರೀಕ್ಷೆ ಬಾಕಿಯಿದೆ, ಅದು ಇಲ್ಲಿ ಸಾಧ್ಯವೇ? ಎಚ್ಚರಗೊಂಡರೆ ಯಾವ ಮಟ್ಟಿನ ಬದುಕನ್ನು ನಿರೀಕ್ಷಿಸಬಹುದು? ಇವನ್ನು ಕೇಳಿದರೆ ವೈದ್ಯರ ಮೇಲೆ ಅವಿಶ್ವಾಸ ತೋರಿದಂತಾಗುವುದಿಲ್ಲ. ಒಳ್ಳೆಯ ವೈದ್ಯರು ತಮ್ಮನ್ನು ತಾವೇ ಇವನ್ನು ಕೇಳಿಕೊಳ್ಳುತ್ತಿರುತ್ತಾರೆ.

ಕೊನೆಯದಾಗಿ ಒಂದು ಮಾತು. ಕೋಮಾದ ಗತಿ ಬಹುಮಟ್ಟಿಗೆ ನಿರ್ಧಾರವಾಗುವುದು ದೊಡ್ಡ ಆಸ್ಪತ್ರೆಯಲ್ಲಲ್ಲ. ಬಿದ್ದ ಜಾಗದಲ್ಲಿ, ಮೊದಲ ಕೆಲವು ನಿಮಿಷಗಳಲ್ಲಿ. ಎದೆ ಒತ್ತುವವರು ಯಾರೂ ಇಲ್ಲದಿದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ನೂರರಲ್ಲಿ ೭ ರಿಂದ ೧೦ ಭಾಗದಂತೆ ಇಳಿಯುತ್ತದೆ. ನಟ ಪುನೀತ್ ರಾಜಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು ಹಠಾತ್ತನೆ ತೀರಿಕೊಂಡ ಮೇಲೆ ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ತಂದು, ತಾಲ್ಲೂಕು ಮಟ್ಟದಲ್ಲಿಯೇ ಹೃದಯಾಘಾತವನ್ನು ಗುರುತಿಸಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿದೆ. ೨೦೦೮ರಿಂದ ೧೦೮ರ ವಾಹನವಿದೆ. ಆದರೆ ಅಜ್ಜಂಪುರದ ಆಚೆಯ ಹಳ್ಳಿಯೊಂದಕ್ಕೆ ಆ ವಾಹನ ನಾಲ್ಕು ನಿಮಿಷಗಳಲ್ಲಿ ಬರಲಾರದು. ಅಷ್ಟರಲ್ಲಿ ಪಕ್ಕದಲ್ಲಿದ್ದವರೇ ಕೈಹಾಕಬೇಕು. ಕರೆದರೆ ಓಗೊಡದ, ಸರಿಯಾಗಿ ಉಸಿರಾಡದ ವ್ಯಕ್ತಿಯನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ ೧೦೦ ರಿಂದ ೧೨೦ ಸಲ, ೫ ರಿಂದ ೬ ಸೆಂಟಿಮೀಟರ್ ಆಳಕ್ಕೆ, ನೆರವು ಬರುವವರೆಗೆ ಒತ್ತುತ್ತಿರಬೇಕು. ಇಷ್ಟನ್ನು ಪ್ರೌಢಶಾಲೆಯ ಮಕ್ಕಳೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಜಾತ್ರೆ, ಪುರಾಣಪ್ರವಚನಗಳಿಗೆ ಸಾವಿರಾರು ಜನ ಸೇರುವ ಕಡೆ ಬಲ್ಲ ವೈದ್ಯರನ್ನೋ ದಾದಿಯರನ್ನೋ ಕರೆಯಿಸಿ ಅರ್ಧ ಗಂಟೆ ಇದನ್ನು ಮಾಡಿ ತೋರಿಸುವ ಏರ್ಪಾಡನ್ನು ನಮ್ಮ ಮೂರು ತಾಲ್ಲೂಕುಗಳ ಸಂಘಸಂಸ್ಥೆಗಳು ಈ ವರ್ಷವೇ ಮಾಡಬಹುದು.